ಅಪ್ಪನ ಬರಿಗಾಲು, ನನ್ನ ಕೆಮ್ಮು

ಕಳೆದ ವರ್ಷ ಮಳೆಗಾಲದಲ್ಲಿ ಊರಿಗೆ ಹೋದವನು ಹತ್ತು ದಿನ ತೋಟದಲ್ಲೇ ಇದ್ದೆ. ತೀರ್ಥಹಳ್ಳಿ ಕಡೆಯ ಸಣ್ಣ ಅಡಿಕೆ ತೋಟ. ಬಸಿಗಾಲುವೆಗಳಲ್ಲಿ ಹೂಳು ತುಂಬಿ ನೀರು ನಿಂತಿತ್ತು. ಆಳು ಸಿಗಲಿಲ್ಲ. ಅಪ್ಪ ಒಬ್ಬರೇ ಗುದ್ದಲಿ ಹಿಡಿದು ಇಳಿದಾಗ ಜಗಲಿ ಮೇಲೆ ಕೂತು ನೋಡುವುದು ಚೆನ್ನಾಗಿರಲ್ಲ ಅಂತ ನಾನೂ ಇಳಿದೆ. ಮೊದಲ ಅರ್ಧ ಗಂಟೆಯಲ್ಲೇ ನನ್ನ ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಆಮೇಲೆ ಅಪ್ಪನ ಹಾಗೆ ಬರಿಗಾಲು.

ಮೂರನೇ ದಿನ ಕಾಲ್ಬೆರಳ ಸಂದಿಯಲ್ಲಿ ತುರಿಕೆ. ಸಣ್ಣ ಸಣ್ಣ ಕೆಂಪು ಗುಳ್ಳೆ. "ಕೆಸರು ತಿಂದಿದೆ" ಅಂತ ಅಮ್ಮ ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿದರು. ಬೆಂಗಳೂರಿಗೆ ವಾಪಸ್ ಬಂದು ವಾರ ಕಳೆಯುವ ಹೊತ್ತಿಗೆ ಒಣ ಕೆಮ್ಮು ಶುರುವಾಯಿತು. ರಾತ್ರಿ ಜಾಸ್ತಿ. ಹತ್ತಿರದ ಡಾಕ್ಟರು ಅಲರ್ಜಿ ಅಂದರು. ಬೆಂಗಳೂರಿನ ಧೂಳಿನಲ್ಲಿ ಆ ಮಾತನ್ನು ನಂಬದಿರಲು ಕಾರಣವೂ ಇರಲಿಲ್ಲ. ಕೆಮ್ಮು ತಾನಾಗಿಯೇ ಹೋಯಿತು. ಅದರ ಹಿಂದೆಯೇ ಹೊಟ್ಟೆನೋವು ಬಂತು. ಊಟ ಮಾಡಿದ ಮೇಲೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗೆ.

ರಕ್ತ ಪರೀಕ್ಷೆ ಮಾಡಿಸಿದರೆ ಇಯೋಸಿನೋಫಿಲ್ ಅನ್ನುವ ಒಂದು ಬಗೆಯ ಬಿಳಿ ರಕ್ತಕಣ ಶೇಕಡಾ 22 ಅಂತ ಬಂತು. ಸಾಮಾನ್ಯವಾಗಿ ಐದಾರರ ಒಳಗೆ ಇರಬೇಕಾದ ಸಂಖ್ಯೆ ಅದು. ಈ ಸಲ ಹೋಗಿದ್ದು ವಯಸ್ಸಾದ ಒಬ್ಬ ಡಾಕ್ಟರ ಹತ್ತಿರ. ಅವರು ಚೀಟಿ ನೋಡಿ, ಕನ್ನಡಕ ಮೇಲೆತ್ತಿ, ಎರಡೇ ಪ್ರಶ್ನೆ ಕೇಳಿದರು. "ಊರು ಯಾವ್ದು? ಬರಿಗಾಲಲ್ಲಿ ಓಡಾಡಿದ್ರಾ?"

ಮೊದಲ ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಎರಡು ವಾರ ಬಿಟ್ಟು ಮಾಡಿಸಿದಾಗ ಕೊಕ್ಕೆಹುಳದ ಮೊಟ್ಟೆ ಕಂಡಿತು. ಒಂದು ಮಾತ್ರೆ. ಅಲ್ಬೆಂಡಜೋಲ್, 400 ಮಿಲಿಗ್ರಾಂ. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಪ್ರಶ್ನೆ ತಲೆಯಲ್ಲೇ ಕೂತಿತು. ಅಪ್ಪ ಅರವತ್ತು ವರ್ಷದಿಂದ ಅದೇ ಕೆಸರಿನಲ್ಲಿ ಅದೇ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ಅವರಿಗೆ ತುರಿಕೆ ಇಲ್ಲ, ಕೆಮ್ಮಿಲ್ಲ. ಹತ್ತು ದಿನ ಇದ್ದ ನನಗೆ ಮಾತ್ರ ಯಾಕೆ ಇಷ್ಟೆಲ್ಲ?

ಇಪ್ಪತ್ತು ವರ್ಷ ಬೂಟು ಹಾಕಿ ಬದುಕಿದವನ ಮೈ ನಾಜೂಕಾಗಿದೆ ಅಂತ ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು. ಓದುತ್ತಾ ಹೋದಂತೆ ಅಮ್ಮನ ಮಾತು ತಪ್ಪೇನಲ್ಲ ಅನ್ನಿಸಿತು. ಆದರೆ ಪೂರ್ತಿ ಸರಿಯೂ ಅಲ್ಲ.

ಮೊದಲು ಹುಳದ ದಾರಿ ಹೇಳಿಬಿಡುತ್ತೇನೆ. ಕೊಕ್ಕೆಹುಳದ ಮೊಟ್ಟೆ ಮಲದ ಜೊತೆ ಮಣ್ಣಿಗೆ ಬೀಳುತ್ತದೆ. ನೆರಳು, ತೇವ, ಬೆಚ್ಚಗಿನ ಹವೆ ಇದ್ದರೆ ಒಂದೆರಡು ದಿನದಲ್ಲಿ ಒಡೆದು, ವಾರ ಹತ್ತು ದಿನದಲ್ಲಿ ಅರ್ಧ ಮಿಲಿಮೀಟರ್ ಉದ್ದದ ಮರಿ ತಯಾರು. ಅಡಿಕೆ ತೋಟ ಅದಕ್ಕೆ ಹೇಳಿ ಮಾಡಿಸಿದ ಜಾಗ. (ಮಣ್ಣಿಗೆ ಮಲ ಹೇಗೆ ಬಂತು ಅಂತ ಯಾರನ್ನೂ ದೂರುವ ಹಾಗಿಲ್ಲ. ತೋಟದ ಕೆಲಸಕ್ಕೆ ಬರುವವರಿಗೆ ಒಂದು ಶೌಚಾಲಯ ಕಟ್ಟಿಸಬೇಕು ಅಂತ ನಮಗೆ ಇಷ್ಟು ವರ್ಷ ಅನ್ನಿಸಿಯೇ ಇರಲಿಲ್ಲ.) ಮರಿ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತದೆ. ರಕ್ತದಲ್ಲಿ ತೇಲಿ ಶ್ವಾಸಕೋಶ ಸೇರುತ್ತದೆ. ಅಲ್ಲಿಂದ ಗಂಟಲಿಗೆ ಹತ್ತಿ ಬರುತ್ತದೆ. ನಾವು ನುಂಗುತ್ತೇವೆ. ಆಮೇಲೆ ಸಣ್ಣ ಕರುಳಿನ ಗೋಡೆ ಕಚ್ಚಿ ರಕ್ತ ಕುಡಿಯುತ್ತಾ ವರ್ಷಗಟ್ಟಲೆ ಇರುತ್ತದೆ. ನನ್ನ ತುರಿಕೆ, ಕೆಮ್ಮು, ಹೊಟ್ಟೆನೋವು ಮೂರೂ ಒಂದೇ ಪ್ರಯಾಣದ ಮೂರು ನಿಲ್ದಾಣ.

ಈ ದಾರಿ ಗೊತ್ತಾದದ್ದು ಒಂದು ಹನಿಯಿಂದ. 1898ರಲ್ಲಿ ಕೈರೋದಲ್ಲಿ ಅರ್ಥರ್ ಲೂಸ್ ಅನ್ನುವ ಜರ್ಮನ್ ವಿಜ್ಞಾನಿ ಗಿನಿಪಿಗ್‌ಗಳ ಬಾಯಿಗೆ ಹುಳದ ಮರಿಗಳಿದ್ದ ನೀರು ಬಿಡುತ್ತಿದ್ದರು. ಒಂದು ಹನಿ ಅವರ ಕೈ ಮೇಲೆ ಬಿತ್ತು. ಬಿದ್ದ ಜಾಗ ಕೆಂಪಾಗಿ ಉರಿಯಿತು. ಕೆಲವು ವಾರ ಕಳೆದು ತಮ್ಮದೇ ಮಲದಲ್ಲಿ ಮೊಟ್ಟೆ ಕಂಡರು. ಮುಂದೆ, ಕಾಲು ಕತ್ತರಿಸಲೇಬೇಕಾಗಿದ್ದ ಒಬ್ಬ ಹುಡುಗನ ಕಾಲಿನ ಮೇಲೆ ಶಸ್ತ್ರಚಿಕಿತ್ಸೆಗೆ ಮುಂಚೆ ಮರಿಗಳನ್ನು ಬಿಟ್ಟು, ಕತ್ತರಿಸಿದ ಮೇಲೆ ಚರ್ಮದೊಳಗೆ ಅವು ಇಳಿದಿದ್ದನ್ನು ನೋಡಿದರು. ಈಗಿನ ಯಾವ ಸಮಿತಿಯೂ ಒಪ್ಪದ ಪ್ರಯೋಗ. 1922ರಲ್ಲಿ ಜಪಾನಿನ ಕೊಯ್ನೊ ಅನ್ನುವ ವೈದ್ಯರು ಜಂತುಹುಳದ (ಕೊಕ್ಕೆಹುಳಕ್ಕಿಂತ ಬಹಳ ದೊಡ್ಡ, ದುಂಡನೆಯ ಇನ್ನೊಂದು ಹುಳ) 2000 ಮೊಟ್ಟೆಗಳನ್ನು ತಾವೇ ನುಂಗಿದರು. ಕೆಮ್ಮಿದಾಗ ಬಂದ ಕಫದಲ್ಲಿ ಮರಿಗಳನ್ನು ಕಂಡು, ಜಂತುಹುಳವೂ ಶ್ವಾಸಕೋಶ ಸುತ್ತಿಯೇ ಕರುಳಿಗೆ ಬರುತ್ತದೆ ಅಂತ ತೋರಿಸಿದರು. ಹುಳದ ವಿಜ್ಞಾನಿಗಳ ಜಾತಿಯೇ ಬೇರೆ ಬಿಡಿ.

ಈಗ ಮೈ ಏನು ಮಾಡುತ್ತದೆ ಅನ್ನುವ ವಿಷಯ.

ಬ್ಯಾಕ್ಟೀರಿಯಾ ಬಂದರೆ ನಮ್ಮ ಬಿಳಿ ರಕ್ತಕಣ ಅದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ವೈರಸ್ ಆದರೆ, ಅದು ಹೊಕ್ಕ ಜೀವಕಣವನ್ನೇ ಕೊಂದುಹಾಕುತ್ತದೆ. ಹುಳದ ಮುಂದೆ ಈ ಎರಡೂ ನಡೆಯುವುದಿಲ್ಲ. ಯಾಕೆ ಅಂದರೆ ಅಳತೆ. ಒಂದು ರಕ್ಷಣಾ ಕಣ ಸುಮಾರು ಹದಿನೈದು ಮೈಕ್ರೋಮೀಟರ್. ಕೊಕ್ಕೆಹುಳ ಒಂದು ಸೆಂಟಿಮೀಟರ್. ಕಣವನ್ನು ಮನುಷ್ಯನಷ್ಟು ದೊಡ್ಡದು ಮಾಡಿದರೆ ಕೊಕ್ಕೆಹುಳ ಒಂದು ಕಿಲೋಮೀಟರಿಗಿಂತ ಉದ್ದದ ಹಾವು. ಜಂತುಹುಳ ಮೂವತ್ತು ಸೆಂಟಿಮೀಟರ್ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಅದು ಬೆಂಗಳೂರಿನಿಂದ ಬಿಡದಿವರೆಗೆ ಮಲಗಿದ ಹೆಬ್ಬಾವು. ನುಂಗುವುದು ಹೇಗೆ?

ಅದಕ್ಕೇ ಕರುಳು ಇಲ್ಲಿ ಸೈನಿಕನ ಕೆಲಸ ಬಿಟ್ಟು ಮನೆ ತೊಳೆಯುವವರ ಕೆಲಸಕ್ಕೆ ಇಳಿಯುತ್ತದೆ. ನೀರು ಹೊಯ್ಯುತ್ತದೆ, ಜಾರುವಂತೆ ಮಾಡುತ್ತದೆ, ಗುಡಿಸುತ್ತದೆ. ರೋಗನಿರೋಧಕ ಶಕ್ತಿ ಅಂದಾಗೆಲ್ಲ ನಮ್ಮ ಪೇಪರುಗಳಲ್ಲಿ ಯುದ್ಧ, ಕೋಟೆ, ಸೈನ್ಯ ಅಂತಲೇ ಬರೆಯುತ್ತಾರಲ್ವಾ? ಹುಳದ ವಿಷಯದಲ್ಲಿ ನನಗೆ ನೆನಪಾದದ್ದು ಹಬ್ಬದ ಹಿಂದಿನ ದಿನದ ನಮ್ಮನೆ ಅಂಗಳ.

ಈ ತೊಳೆಯುವ ಕೆಲಸಕ್ಕೆ ಯಾರು ಕೂಗು ಹಾಕುತ್ತಾರೆ ಅನ್ನುವುದು ಬಹಳ ಕಾಲ ಗೊತ್ತಿರಲಿಲ್ಲ. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ವಿಚಿತ್ರ ಕಣಗಳಿವೆ. ತಲೆಯ ಮೇಲೆ ಕುಚ್ಚು ಕಟ್ಟಿದ ಹಾಗೆ ಕಾಣುವುದರಿಂದ ಟಫ್ಟ್ ಕಣ ಅಂತಾರೆ. ಕುಚ್ಚುಕಣ ಅನ್ನೋಣ. 1956ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ನೂರು ಕಣದಲ್ಲಿ ಒಂದೂ ಸರಿಯಾಗಿ ಸಿಗದ ಅವುಗಳ ಕೆಲಸ ಏನು ಅಂತ ಅರವತ್ತು ವರ್ಷ ತಿಳಿಯಲಿಲ್ಲ. 2016ರಲ್ಲಿ ಮೂರು ಬೇರೆ ಬೇರೆ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ಕೊಟ್ಟವು. ಕರುಳಿನಲ್ಲಿ ಹುಳ ಇದೆ ಅಂತ ಮೊದಲು ತಿಳಿಯುವುದು ಈ ಕುಚ್ಚುಕಣಗಳಿಗೆ. ಹೇಗೆ ತಿಳಿಯುತ್ತದೆ ಅನ್ನುವುದು ನನಗೆ ಇಡೀ ಕತೆಯಲ್ಲೇ ಇಷ್ಟವಾದ ಭಾಗ. ನಾಲಿಗೆಯಲ್ಲಿ ಕಹಿ, ಸಿಹಿ ತಿಳಿಸುವ ಕಣಗಳ ಒಳಗೆ ಯಾವ ಯಂತ್ರ ಇದೆಯೋ ಅದರದೇ ಬಿಡಿಭಾಗಗಳು ಇವುಗಳಲ್ಲೂ ಇವೆ. ಅಂದರೆ ಕರುಳು ಹುಳದ ರುಚಿ ನೋಡುತ್ತದೆ! ಇಲಿಗಳ ಕರುಳಿನ ಒಂದು ಹುಳ ಸಕ್ಸಿನೇಟ್ ಅನ್ನುವ ಆಮ್ಲ ಬಿಡುತ್ತದೆ. ಆ ಸಕ್ಸಿನೇಟ್ ತಗುಲಿದರೆ ಸಾಕು, ಕುಚ್ಚುಕಣ ಎಚ್ಚರಾಗುತ್ತದೆ ಅಂತ ಮುಂದೆ ಗೊತ್ತಾಯಿತು.

ರುಚಿ ಸಿಕ್ಕ ಕುಚ್ಚುಕಣ ಇಂಟರ್‌ಲ್ಯೂಕಿನ್-25 ಅನ್ನುವ ಸಂದೇಶ ಕಳಿಸುತ್ತದೆ. ಅದು ಮುಟ್ಟುವುದು ಪಕ್ಕದಲ್ಲೇ ಕಾದು ಕೂತ ಇನ್ನೊಂದು ಬಗೆಯ ಕಣಗಳಿಗೆ. ಐಎಲ್‌ಸಿ-2 ಅಂತ ಅವುಗಳ ಹೆಸರು. 2010ರವರೆಗೆ ಇಂಥವು ಇವೆ ಅಂತಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವು ಇಂಟರ್‌ಲ್ಯೂಕಿನ್-13 ಬಿಡುತ್ತವೆ. ಮುಂದೆ ಟಿ ಕಣಗಳು ಅನ್ನುವ ಇನ್ನೊಂದು ಬಗೆಯ ರಕ್ಷಣಾ ಕಣಗಳೂ ಸೇರಿಕೊಳ್ಳುತ್ತವೆ. ಆಗ ಕರುಳಿನ ಪದರದಲ್ಲಿ ಹುಟ್ಟುವ ಹೊಸ ಕಣಗಳ ಹಣೆಬರಹವೇ ಬದಲಾಗುತ್ತದೆ. ಕುಚ್ಚುಕಣಗಳು ಹಲವು ಪಟ್ಟು ಹೆಚ್ಚುತ್ತವೆ. ಲೋಳೆ ಸುರಿಸುವ ಲೋಟದಾಕಾರದ ಕಣಗಳೂ ಹೆಚ್ಚುತ್ತವೆ. ಪದರದ ಸಂದುಗಳು ಸಡಿಲವಾಗಿ ನೀರು ಒಳಗೆ ಜಿನುಗುತ್ತದೆ. ಕರುಳಿನ ಸ್ನಾಯು ಜೋರಾಗಿ ಹಿಂಡುತ್ತದೆ. ನನ್ನ ಹೊಟ್ಟೆನೋವಿನಲ್ಲಿ ಹುಳ ಕಚ್ಚಿದ್ದರ ಪಾಲೆಷ್ಟೋ, ನನ್ನದೇ ಕರುಳು ಅದನ್ನು ಕೊಡವಲು ನೋಡಿದ್ದರ ಪಾಲೂ ಅಷ್ಟೇ ಇದ್ದಿರಬೇಕು.

ಅಜ್ಜಿ ಇದ್ದಾಗ ನಮಗೆಲ್ಲ ವರ್ಷಕ್ಕೆರಡು ಸಲ ಹರಳೆಣ್ಣೆ. ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಗೆ, ಬಿಸಿ ಕಾಫಿಯಲ್ಲಿ ಕದಡಿ. ಮೂಗು ಹಿಡಿದು ಕುಡಿಸಿದ ಮೇಲೆ ಸಂಜೆವರೆಗೂ ಹಿತ್ತಲಿಗೆ ಓಡುವುದೇ ಕೆಲಸ. ಊಟಕ್ಕೆ ಬರೀ ಸಾರನ್ನ. ರಾತ್ರಿ ಹಲ್ಲು ಕಡಿದರೂ ಹುಳ, ಬಳಪ ತಿಂದರೂ ಹುಳ, ಬೆಲ್ಲ ಕದ್ದರಂತೂ ಹುಳ ಗ್ಯಾರಂಟಿ. (ಬೆಲ್ಲಕ್ಕೂ ಹುಳಕ್ಕೂ ಸಂಬಂಧ ಇಲ್ಲ. ಬಳಪಕ್ಕೆ ಇದೆ. ಹುಳ ರಕ್ತ ಹೀರಿ ಕಬ್ಬಿಣದ ಅಂಶ ಕಡಿಮೆಯಾದರೆ ಮಣ್ಣು, ಬಳಪ ತಿನ್ನುವ ಚಪಲ ಬರುವುದುಂಟು.) ಹರಳೆಣ್ಣೆಗೆ ಕೊಕ್ಕೆಹುಳ ಜಗ್ಗುವುದಿಲ್ಲ, ಅದು ಬಾಯಲ್ಲಿ ಕಚ್ಚಿ ಹಿಡಿದಿರುತ್ತದೆ. ಆದರೂ ಅಜ್ಜಿಯ ಹರಳೆಣ್ಣೆ ಮತ್ತು ಇಂಟರ್‌ಲ್ಯೂಕಿನ್-13 ಎರಡರ ಯೋಚನೆಯೂ ಒಂದೇ: ನೀರು ಬಿಡು, ಜಾರಿಸು, ಹೊರಗೆ ನೂಕು.

ಚಾಟಿಹುಳಕ್ಕೆ ಕರುಳು ಇನ್ನೊಂದು ಉಪಾಯ ಮಾಡುತ್ತದೆ. ಆ ಹುಳ ತನ್ನ ದಾರದಂಥ ತಲೆಯನ್ನು ದೊಡ್ಡ ಕರುಳಿನ ಪದರದೊಳಗೇ ಹೆಣೆದುಕೊಂಡಿರುತ್ತದೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ತಳದಲ್ಲಿ ಹುಟ್ಟಿದ ಕಣ ಮೇಲೆ ಸರಿದು ಉದುರುತ್ತದೆ. ಇಲಿಗಳಲ್ಲಿ ನೋಡಿದಾಗ, ಚಾಟಿಹುಳ ಬಂದರೆ ಈ ಸರಿಯುವ ವೇಗ ಹೆಚ್ಚಾಗುತ್ತದೆ. ಎಸ್ಕಲೇಟರ್ ಜೋರು ಮಾಡಿದ ಹಾಗೆ. ಹುಳ ಕೂತ ನೆಲವೇ ಅದನ್ನು ಹೊತ್ತು ಹೊರಗೆ ಹಾಕುತ್ತದೆ.

ನನ್ನ ರಿಪೋರ್ಟಿನಲ್ಲಿ ಕೆಂಪು ಗೆರೆ ಎಳೆಸಿಕೊಂಡ ಇಯೋಸಿನೋಫಿಲ್ ಮಾತ್ರ ಇವತ್ತಿಗೂ ಒಗಟು. 1879ರಲ್ಲಿ ಪಾಲ್ ಎರ್ಲಿಕ್ ಇಯೋಸಿನ್ ಬಣ್ಣ ಹಾಕಿದಾಗ ಕೆಂಪಗೆ ಮಿಂಚಿದ ಕಣಗಳಿಗೆ ಆ ಹೆಸರಿಟ್ಟರು. ಹುಳ ಬಂದಾಗ ಇವು ಏರುತ್ತವೆ ಅನ್ನುವುದು ನೂರು ವರ್ಷದಿಂದ ಗೊತ್ತು. ವಿಷದಂಥ ಪ್ರೋಟೀನುಗಳನ್ನು ಹೊತ್ತಿರುತ್ತವೆ, ಮರಿಹುಳದ ಮೈಮೇಲೆ ಸುರಿದು ಕೊಲ್ಲಬಲ್ಲವು. ಆದರೆ ಇಯೋಸಿನೋಫಿಲ್ ಇಲ್ಲದ ಇಲಿಗಳೂ ಕರುಳಿನ ಕೆಲವು ಹುಳಗಳನ್ನು ಹೊರಗೆ ಹಾಕುತ್ತವೆ. ಟ್ರೈಕಿನೆಲ್ಲ ಅನ್ನುವ ಹುಳ ಸ್ನಾಯುವಿನಲ್ಲಿ ಮನೆ ಮಾಡುತ್ತದಲ್ಲ, ಅಲ್ಲಿ ಇಯೋಸಿನೋಫಿಲ್ ಇದ್ದರೇ ಅದರ ಮರಿಗಳು ಚೆನ್ನಾಗಿ ಬದುಕುತ್ತವೆ ಅಂತ ಕಂಡುಬಂದಿದೆ. ಪೊಲೀಸರು ಬಂದು ಕಳ್ಳನಿಗೆ ಟೀ ಮಾಡಿಕೊಟ್ಟ ಹಾಗಾಯಿತು. ಐಜಿಇ ಅನ್ನುವ ಪ್ರತಿಕಾಯವೂ ಹೀಗೇ. 1966ರಲ್ಲಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕ ದಂಪತಿ ಅಲರ್ಜಿಯ ಬೆನ್ನುಹತ್ತಿ ಅದನ್ನು ಗುರುತಿಸಿದರು. ಹುಳ ಇರುವವರ ರಕ್ತದಲ್ಲಿ ಅದು ಬೇಕಾದಷ್ಟು. ಸೀನು, ತುರಿಕೆ, ಉಬ್ಬಸ ಅಂತ ನಾವು ಒದ್ದಾಡುವ ಅಲರ್ಜಿಯ ಸಾಮಾನು ಸರಂಜಾಮು ಹುಳ ಓಡಿಸುವುದಕ್ಕೆ ಬಳಕೆಯಾಗುವ ಸಾಮಾನೇ. ಹಾಗಾಗಿ ನನ್ನ ಕೆಮ್ಮನ್ನು ಅಲರ್ಜಿ ಅಂದ ಮೊದಲ ಡಾಕ್ಟರನ್ನು ನಾನು ಪೂರ್ತಿ ತಪ್ಪು ಅನ್ನಲಾರೆ. ಯಂತ್ರ ಅದೇ, ಕಾರಣ ಬೇರೆ ಇತ್ತು ಅಷ್ಟೆ.

ಇಷ್ಟೆಲ್ಲ ತಯಾರಿ ಇದ್ದರೂ ಮನುಷ್ಯರಲ್ಲಿ ಕೊಕ್ಕೆಹುಳ ವರ್ಷಗಟ್ಟಲೆ ಉಳಿಯುತ್ತದೆ. ಪ್ರಯೋಗಾಲಯದ ಇಲಿ ತನ್ನ ಕೆಲವು ಹುಳಗಳನ್ನು ಸುಮಾರು ಹತ್ತು ದಿನದಲ್ಲಿ ಹೊರಗೆ ಹಾಕುತ್ತದೆ. ನಾವು ಯಾಕೆ ಸೋಲುತ್ತೇವೆ?

ಸೋಲು ಅನ್ನುವ ಮಾತು ಸರಿಯಲ್ಲವೇನೋ. ಇಲ್ಲಿಂದ ಅಪ್ಪನ ಕತೆ ಶುರು.

ಹುಳವೂ ಸುಮ್ನೆ ಕೂತಿರುವುದಿಲ್ಲ. ನಮ್ಮ ಮೈಯಲ್ಲಿ ಜಗಳ ಬಿಡಿಸುವ ಕಣಗಳಿವೆ, ರೆಗ್ಯುಲೇಟರಿ ಟಿ ಕಣಗಳು. ಸಾಕು, ಸುಮ್ಮನಿರಿ ಅಂತ ಉಳಿದವರಿಗೆ ಹೇಳುವುದೇ ಅವುಗಳ ಕೆಲಸ. ಇಲ್ಲದಿದ್ದರೆ ರಕ್ಷಣೆಯ ಆವೇಶದಲ್ಲಿ ನಮ್ಮ ಅಂಗಗಳೇ ಹಾಳಾಗುತ್ತವೆ. ಹುಳ ಈ ಪಂಚಾಯ್ತಿದಾರರನ್ನು ತನ್ನ ಕಡೆ ಮಾಡಿಕೊಳ್ಳುತ್ತದೆ. ಇಲಿಯ ಕರುಳಿನಲ್ಲಿರುವ ಒಂದು ಹುಳದ ಜೊಲ್ಲಿನಲ್ಲಿ ಒಂದು ಪ್ರೋಟೀನ್ ಸಿಕ್ಕಿತು. ಆ ಪಂಚಾಯ್ತಿ ಕಣಗಳನ್ನು ಎಬ್ಬಿಸಲು ನಮ್ಮ ಮೈ ಬಳಸುವ ಟಿಜಿಎಫ್-ಬೀಟಾ ಅನ್ನುವ ಸಂದೇಶ ಏನು ಕೆಲಸ ಮಾಡುತ್ತದೋ ಅದನ್ನೇ ಇದೂ ಮಾಡುತ್ತದೆ. ಆದರೆ ಎರಡರ ರಚನೆಯಲ್ಲಿ ಯಾವ ಹೋಲಿಕೆಯೂ ಇಲ್ಲ. ಕೀಲಿ ಕದ್ದದ್ದಲ್ಲ, ಬೇರೆ ಲೋಹದಲ್ಲಿ ತಾನೇ ಎರಕ ಹೊಯ್ದು ಅದೇ ಬೀಗ ತೆಗೆದಿದೆ.

ಮೈಗೂ ಒಂದು ಲೆಕ್ಕ ಇದೆ. ಮರಿಗಳು ಶ್ವಾಸಕೋಶ ಹರಿದು ಹೋಗುತ್ತವೆ, ಕರುಳು ಕಚ್ಚುತ್ತವೆ. ಆ ಗಾಯ ಬೇಗ ಮುಚ್ಚದಿದ್ದರೆ ಹುಳಕ್ಕಿಂತ ಗಾಯವೇ ಕೊಲ್ಲುತ್ತದೆ. ಹುಳ ಬಂದಾಗ ಏಳುವ ಸಂದೇಶಗಳೇ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕಣಗಳಿಗೆ ಗಾಯ ರಿಪೇರಿಗೆ ಹೋಗಿ ಅಂತಲೂ ಹೇಳುತ್ತವೆ. ಈ ಬಗೆಯ ರಕ್ಷಣೆ ಹುಟ್ಟಿದ್ದೇ ಗಾಯ ಹೊಲಿಯಲು, ಹುಳ ಓಡಿಸುವುದು ಆಮೇಲಿನ ಮಾತು ಅಂತ ವಾದಿಸುವ ವಿಜ್ಞಾನಿಗಳಿದ್ದಾರೆ. ನನಗೂ ಆ ವಾದವೇ ಹಿಡಿಸುತ್ತದೆ.

ಹೀಗೆ ಎರಡೂ ಕಡೆಯಿಂದ ದನಿ ತಗ್ಗುತ್ತದೆ. ಹುಳ ಇರುವ ಊರಲ್ಲೇ ಬೆಳೆದು, ಪ್ರತಿ ಮಳೆಗಾಲ ಹೊಸ ಮರಿಗಳನ್ನು ಕಾಲಿನಿಂದ ಒಳಗೆ ಬಿಟ್ಟುಕೊಳ್ಳುತ್ತಾ ಬಂದವರಲ್ಲಿ ತುರಿಕೆ, ಕೆಮ್ಮು ಕಡಿಮೆ. ಹೊಸಬರಿಗೇ ಜೋರು. ಅಪ್ಪನ ಮೈ ರಾಜಿ ಮಾಡಿಕೊಂಡಿತ್ತು. ನನ್ನದು ಮರೆತಿತ್ತು.

ಈ ರಾಜಿ ಎಷ್ಟು ಗಟ್ಟಿ, ಎಷ್ಟು ಸೂಕ್ಷ್ಮ ಅನ್ನುವುದು ಸ್ಟ್ರಾಂಗಿಲಾಯ್ಡಿಸ್ ಅನ್ನುವ ಇನ್ನೊಂದು ಹುಳದ ಕತೆಯಲ್ಲಿ ಗೊತ್ತಾಗುತ್ತದೆ. ಅದೂ ಪಾದದಿಂದಲೇ ಒಳಗೆ ಬರುವುದು. ಆದರೆ ಅದು ನಮ್ಮೊಳಗೇ ಮತ್ತೆ ಮತ್ತೆ ಸಂತಾನ ಬೆಳೆಸಬಲ್ಲದು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಬರ್ಮಾ-ಥಾಯ್ಲೆಂಡ್ ರೈಲುದಾರಿ ಕಟ್ಟಿಸಿದರಲ್ಲ, ಅಲ್ಲಿ ದುಡಿದ ಬ್ರಿಟಿಷ್ ಯುದ್ಧಕೈದಿಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಪರೀಕ್ಷಿಸಿದಾಗ ಹಲವರಲ್ಲಿ ಈ ಹುಳ ಇನ್ನೂ ಇತ್ತು. ಇಂಗ್ಲೆಂಡಿನ ಚಳಿಯಲ್ಲಿ ಹೊಸದಾಗಿ ತಗುಲುವ ಮಾತೇ ಇಲ್ಲ. ಅಷ್ಟು ವರ್ಷ ಮೈ ಅದನ್ನು ಕೊಲ್ಲಲೂ ಇಲ್ಲ, ಬೆಳೆಯಲೂ ಬಿಡಲಿಲ್ಲ. ಇಂಥವರಿಗೆ ಬೇರೆ ಯಾವುದೋ ಕಾಯಿಲೆಗೆ ಸ್ಟೀರಾಯ್ಡ್ ಕೊಟ್ಟರೆ ಕಾವಲು ಮಲಗುತ್ತದೆ. ಹುಳ ಲೆಕ್ಕವಿಲ್ಲದಷ್ಟು ಹೆಚ್ಚಿ ಶ್ವಾಸಕೋಶ, ಮಿದುಳಿನವರೆಗೂ ಹರಡಬಹುದು. ಪ್ರಾಣವೇ ಹೋಗುತ್ತದೆ. ಇಯೋಸಿನೋಫಿಲ್ ಏರಿದ ಕೆಮ್ಮಿಗೆ ಹಿಂದುಮುಂದು ನೋಡದೆ ಸ್ಟೀರಾಯ್ಡ್ ಬರೆಯಬಾರದು ಅಂತ ಆ ಹಿರಿಯ ಡಾಕ್ಟರು ಹೇಳಿದ್ದು ಇದಕ್ಕೇ. ಅವತ್ತು ಅವರು ಯಾಕೆ ಅಷ್ಟು ಗಂಭೀರವಾದರು ಅಂತ ನನಗೆ ಅರ್ಥ ಆಗಿರಲಿಲ್ಲ.

ಇಲ್ಲಿಗೆ ಬಂದಾಗ ಹುಳದ ಬಗ್ಗೆ ಒಂಥರಾ ಪ್ರೀತಿ ಹುಟ್ಟುವ ಅಪಾಯ ಇದೆ. ಬಹಳ ಜನರಿಗೆ ಹುಟ್ಟಿದೆ ಕೂಡ. 2000ನೇ ಇಸವಿಯಲ್ಲಿ ಗ್ಯಾಬೊನ್ ದೇಶದ ಶಾಲಾ ಮಕ್ಕಳಲ್ಲಿ, ರಕ್ತನಾಳದಲ್ಲಿ ಬದುಕುವ ಒಂದು ಹುಳ ಇರುವವರಿಗೆ ಧೂಳಿನ ನುಸಿಯ ಅಲರ್ಜಿ ಕಡಿಮೆ ಅಂತ ಕಂಡಿತು. ಅಮೆರಿಕದ ಜೋಯೆಲ್ ವೈನ್‌ಸ್ಟಾಕ್ ಕರುಳಿನ ಉರಿಯೂತದ ರೋಗಿಗಳಿಗೆ ಹಂದಿಯ ಚಾಟಿಹುಳದ ಮೊಟ್ಟೆ ಕುಡಿಸಿ ನೋಡಿದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಡೇವಿಡ್ ಪ್ರಿಚರ್ಡ್ ತಮ್ಮ ತೋಳಿಗೆ ತಾವೇ 50 ಕೊಕ್ಕೆಹುಳದ ಮರಿ ಕಟ್ಟಿಕೊಂಡರು. ಹೊಟ್ಟೆ ಕೆಟ್ಟಿತು ಅನ್ನಿ. ಆಮೇಲಿನ ಪ್ರಯೋಗಗಳಲ್ಲಿ ಹತ್ತಕ್ಕೆ ಇಳಿಸಿದರು. ಅಸ್ತಮಾದವರಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಹಂದಿ ಹುಳದ ಮೊಟ್ಟೆಯ ದೊಡ್ಡ ಪರೀಕ್ಷೆಗಳೂ ಸೋತವು. ಹುಳದ ಜೊಲ್ಲಿನಿಂದ ಔಷಧಿ ತೆಗೆಯುವ ಕೆಲಸ ನಡೆದಿದೆ. ಆಗಲಿ, ಒಳ್ಳೆಯದೇ. ಆದರೆ ಹುಳ ಇದ್ದರೇ ಒಳ್ಳೇದು, ಹಳ್ಳಿಯವರು ಅದಕ್ಕೇ ಗಟ್ಟಿ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಯಾಕೆ ಅಂದರೆ ರಾಜಿಗೆ ಬಾಡಿಗೆ ಕಟ್ಟಬೇಕು, ರಕ್ತದಲ್ಲಿ. ಕೊಕ್ಕೆಹುಳದಲ್ಲಿ ಎರಡು ಮುಖ್ಯ ಜಾತಿ. ಸಣ್ಣದು ದಿನಕ್ಕೆ ಸುಮಾರು 0.03 ಮಿಲಿ ಕುಡಿಯುತ್ತದೆ, ದೊಡ್ಡದು ಅದರ ಐದಾರು ಪಟ್ಟು. ಒಂದಿದ್ದರೆ ಲೆಕ್ಕಕ್ಕಿಲ್ಲ. ನೂರಿದ್ದರೆ, ಸರಿಯಾಗಿ ಉಣ್ಣದ ಬಸುರಿಯ ಹೊಟ್ಟೆಯಲ್ಲಿದ್ದರೆ? ಲಸಿಕೆಗೂ ತೊಂದರೆ. ಈಕ್ವೆಡಾರ್‌ನಲ್ಲಿ ಜಂತುಹುಳ ಇದ್ದ ಮಕ್ಕಳಿಗೆ ಮೊದಲು ಹುಳದ ಮಾತ್ರೆ ಕೊಟ್ಟು ಆಮೇಲೆ ಕಾಲರಾ ಲಸಿಕೆ ಕುಡಿಸಿದಾಗ ಅದು ಹೆಚ್ಚು ಚೆನ್ನಾಗಿ ನಾಟಿತು. ಪಂಚಾಯ್ತಿದಾರರು ಎಲ್ಲರನ್ನೂ ಸುಮ್ಮನಿರಿಸುವಾಗ ಬೇಕಾದವರನ್ನೂ ಸುಮ್ಮನಿರಿಸಿಬಿಡುತ್ತಾರೆ. 2015ರ ಫೆಬ್ರವರಿ 10ರಿಂದ ನಮ್ಮ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುತ್ತಿರುವ ಚೀಪುವ ಮಾತ್ರೆ ನನಗೆ ಮೊದಲು ಸರ್ಕಾರದ ಇನ್ನೊಂದು ಕಾರ್ಯಕ್ರಮ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಮಾತ್ರೆ ಇದ್ದ ಹುಳ ಕೊಲ್ಲುತ್ತದೆ, ಮುಂದಿನ ಮಳೆಗೆ ಬರುವ ಹುಳವನ್ನು ತಡೆಯುವುದಿಲ್ಲ ಅನ್ನುವುದು ನಿಜ. ಅದಕ್ಕೆ ಶೌಚಾಲಯ ಬೇಕು, ಚಪ್ಪಲಿ ಬೇಕು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಬೇಡ ಬೇಡ ಅಂದರು. ಇಯೋಸಿನೋಫಿಲ್ 7. ಮಲದಲ್ಲಿ ಮೊಟ್ಟೆ ಇತ್ತು. ಹಿಮೋಗ್ಲೋಬಿನ್ 10.4. ಗಂಡಸಿಗೆ 13 ಇರಬೇಕು. ನಾಲ್ಕು ವರ್ಷದಿಂದ ಗುಡ್ಡ ಹತ್ತುವಾಗ ನಿಂತು ನಿಂತು ಹೋಗುತ್ತಿದ್ದರು. ವಯಸ್ಸಾಯ್ತು ಅಂತ ಅವರೂ ಅಂದುಕೊಂಡಿದ್ದರು, ನಾವೂ.

ಕಬ್ಬಿಣದ ಮಾತ್ರೆ ಮೂರು ತಿಂಗಳಿಗೆ, ಹುಳದ್ದು ಒಂದು. ಎರಡನೆಯದನ್ನು ಅಪ್ಪ ಬಾಯಿಗೆ ಹಾಕಿ ಚೀಪುತ್ತಾ, "ಪರವಾಗಿಲ್ಲ, ಪೆಪ್ಪರಮೆಂಟಿನ ಹಾಗಿದೆ" ಅಂದರು. ಗಂಬೂಟು ನಾನೇ ತಂದಿದ್ದೆ, ಕಪ್ಪು ರಬ್ಬರಿನದು, ಅಳತೆ ನೋಡಿ. ಮಾರನೇ ದಿನ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ಬೂಟು ಬಾಗಿಲ ಪಕ್ಕ ಇಟ್ಟ ಹಾಗೇ ಇತ್ತು. ಅದರೊಳಗೆ ಅಮ್ಮ ಒಣಗಿದ ಅಡಿಕೆ ಸುಲಿಯುವ ಕತ್ತಿ ನಿಲ್ಲಿಸಿದ್ದರು. ಅಪ್ಪ ಆಗಲೇ ತೋಟದಲ್ಲಿದ್ದರು. ಕೂಗಿ ಕೇಳಿದೆ.

"ಬೂಟು ಜಾರ್ತದೆ ಮಾರಾಯ," ಅಂದರು.